ಕರೆದಾಗ ಬರುವವರು ಬೇಕು: ವೃದ್ಧಾಶ್ರಮಗಳ ಬಗ್ಗೆ ಸಚಿವರಿಗೊಂದು ಬಹಿರಂಗ ಪತ್ರ

ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಮಾನ್ಯ ಸಚಿವರಿಗೆ,

ನಮಸ್ಕಾರ.

ವೃದ್ಧಾಶ್ರಮದ ಮಾತು ಬಂದಾಗಲೆಲ್ಲ ಊಟ, ಹಾಸಿಗೆ, ಔಷಧಿ ಇವುಗಳ ಬಗ್ಗೆ ಕೇಳುತ್ತೇವೆ. ನಾನು ಕೇಳುವುದು ಬೇರೆ. ತಾವಾಗಿ ಏಳಲಾಗದ ಹಿರಿಯರೊಬ್ಬರು ರಾತ್ರಿ "ಬಾತ್‌ರೂಮಿಗೆ ಹೋಗಬೇಕು" ಅಂತ ಕರೆದರೆ, ಎಷ್ಟು ಹೊತ್ತಿಗೆ ಯಾರಾದರೂ ಬರುತ್ತಾರೆ?

ನಮ್ಮ ದೊಡ್ಡಮ್ಮ ಒಂದು ಖಾಸಗಿ ವೃದ್ಧಾಶ್ರಮದಲ್ಲಿದ್ದರು. ಸೊಂಟದ ಮೂಳೆ ಮುರಿದ ಮೇಲೆ ಒಬ್ಬರ ಆಸರೆ ಇಲ್ಲದೆ ನಿಲ್ಲಲು ಆಗುತ್ತಿರಲಿಲ್ಲ. ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು, ಅದೂ ಬೇಸಿಗೆಯಲ್ಲಿ. ಯಾಕೆ ಅಂದರೆ, "ರಾತ್ರಿ ಕರೆದರೆ ಯಾರೂ ಬರಲ್ಲ ಕಣೇ, ಬಂದರೂ ಬೈತಾರೆ" ಅಂದರು. ಆಮೇಲೆ ಮೂತ್ರದ ಸೋಂಕು, ಜ್ವರ, ಆಸ್ಪತ್ರೆ. ರಾತ್ರಿ ಹಾಕಿದ ಡೈಪರ್ ಬದಲಾಗುತ್ತಿದ್ದುದು ಬೆಳಿಗ್ಗೆಯೇ. ಇಡೀ ಮಹಡಿಗೆ ರಾತ್ರಿ ಒಬ್ಬರೇ ಆಯಾ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಗಲು ದುಡಿದವರನ್ನೇ ರಾತ್ರಿಗೂ ನಿಲ್ಲಿಸಿಕೊಂಡಿದ್ದರು. ಅಷ್ಟು ಜನರನ್ನು ಒಬ್ಬ ಹೆಂಗಸು ಹೇಗೆ ಎತ್ತಿ ಕೂರಿಸಬೇಕು, ಹೇಳಿ.

ಒದ್ದೆಯಲ್ಲಿ ಗಂಟೆಗಟ್ಟಲೆ ಮಲಗಿದರೆ ಚರ್ಮ ಮೆತ್ತಗಾಗಿ ಸುಲಿಯುತ್ತದೆ. ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸಬೇಕು ಅಂತ ನರ್ಸಿಂಗ್‌ನಲ್ಲಿ ಕಲಿಸುವುದು ಇದಕ್ಕೇ. ಕಾದು ಕಾದು ತಾವೇ ಎದ್ದು ಹೋಗಿ, ಬಿದ್ದು ಮೂಳೆ ಮುರಿದುಕೊಳ್ಳುವವರೂ ಇದ್ದಾರೆ. ಇನ್ನು ಮರ್ಯಾದೆಯ ವಿಷಯ. ಬಾಗಿಲು ತೆರೆದಿಟ್ಟೇ ಸ್ನಾನ ಮಾಡಿಸುವುದು, ನಾಲ್ಕು ಜನರ ಎದುರೇ ಬಟ್ಟೆ ಬದಲಿಸುವುದು, ಹೆಂಗಸರ ಮೈ ತೊಳೆಯಲು ಗಂಡಸರನ್ನು ಕಳಿಸುವುದು. ಸೆರಗು ಸರಿಮಾಡಿಕೊಳ್ಳದೆ ಹೊಸ್ತಿಲು ದಾಟದ ಹೆಂಗಸಿಗೆ ಇದು ಎಂಥ ಸಂಕಟ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಪಾಲಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಕಲಂ ಓದಿ ನೋಡಿದೆ. ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗ, ಇದು ಅದರ ಆಶಯ. ಅಲ್ಲಿನ ಸೇವೆಗಳ ಬಗ್ಗೆ ಹೇಳುವಾಗ ವೈದ್ಯಕೀಯ ಆರೈಕೆ ಇದೆ, ಮನರಂಜನೆ ಇದೆ. ಶೌಚಕ್ಕೆ ಕರೆದೊಯ್ಯುವುದು, ತೊಳೆಯುವುದು, ಹೊರಳಿಸುವುದು ಇಲ್ಲ. ಟಿವಿ ಇಲ್ಲದಿದ್ದರೂ ಬದುಕಬಹುದು ಸಚಿವರೇ, ಇದಿಲ್ಲದೆ ಆಗುವುದಿಲ್ಲ. ಆಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟ ಎಲ್ಲ ಸೇರಿಸಿ 2019ರ ಡಿಸೆಂಬರ್‌ನಲ್ಲಿ ಕೇಂದ್ರ ಒಂದು ತಿದ್ದುಪಡಿ ಮಸೂದೆ ತಂದಿತ್ತು. ಅದು ಪಾಸಾಗದೆ 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ದೆಹಲಿಯತ್ತ ನೋಡುತ್ತಾ ಕೂರುವುದು ಬೇಡ. ಆಶ್ರಮ ನಡೆಸುವ ಯೋಜನೆ, ಗುಣಮಟ್ಟ ನಿಗದಿ ಮಾಡುವ ಅಧಿಕಾರವನ್ನು ಅದೇ ಕಲಂ ರಾಜ್ಯಕ್ಕೆ ಕೊಟ್ಟಿದೆ.

ಸರ್ಕಾರದ ಅನುದಾನ ಪಡೆಯುವ ಆಶ್ರಮಗಳಿಂದಲೇ ಶುರು ಮಾಡಿ. ಖಾಸಗಿಯವಕ್ಕೆ ರಾಜ್ಯದ್ದೇ ಕಾನೂನು ತನ್ನಿ. ಹಾಸಿಗೆ ಹಿಡಿದವರು ಎಷ್ಟು ಜನರಿದ್ದರೆ ರಾತ್ರಿ ಪಾಳಿಗೆ ಎಷ್ಟು ಆಯಾಗಳಿರಬೇಕು ಎಂದು ನಿಗದಿ ಮಾಡಿ, ಅವರಿಗೆ ತರಬೇತಿ, ಸರಿಯಾದ ಸಂಬಳ, ವಾರದ ರಜೆ ಕೊಡಿಸಿ. ಪ್ರತಿ ಮಂಚದ ಪಕ್ಕ ಕೈಗೆಟುಕುವ ಕರೆಗಂಟೆ ಇರಲಿ. ಡೈಪರ್ ಬದಲಿಸಿದ, ಮಗ್ಗುಲು ಹೊರಳಿಸಿದ ಹೊತ್ತನ್ನು ಪುಸ್ತಕದಲ್ಲಿ ಬರೆದಿಡಲಿ, ಮನೆಯವರು ಕೇಳಿದರೆ ತೋರಿಸಲಿ. ಬಡ ಹಿರಿಯರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. 30 ರೂಪಾಯಿಯ ಡೈಪರ್ ದಿನಕ್ಕೆ ಮೂರು ಬೇಕಾದರೆ ತಿಂಗಳಿಗೆ 2,700 ಆಯಿತು. ಬಡವರಿಗೆ ಇದನ್ನೂ ಔಷಧಿಯಂತೆಯೇ ಸರ್ಕಾರ ಕೊಡಬೇಕು.

ಹಿರಿಯರಿಗಾಗಿ 14567 ಸಹಾಯವಾಣಿ ಇದೆ, ಒಳ್ಳೆಯದೇ. ಆದರೆ ಫೋನ್ ಮ್ಯಾನೇಜರ್ ಮೇಜಿನ ಮೇಲಿದ್ದರೆ ಹಾಸಿಗೆಯಲ್ಲಿರುವವರು ಹೇಗೆ ದೂರು ಕೊಡುತ್ತಾರೆ? ತಪಾಸಣೆಗೆ ಹೋಗುವವರು ಮುಂಚೆ ತಿಳಿಸದೆ ಹೋಗಲಿ, ರಾತ್ರಿ ಹತ್ತರ ನಂತರವೂ ಹೋಗಲಿ. ಹಿರಿಯರ ಜೊತೆ ಮ್ಯಾನೇಜರ್ ಇಲ್ಲದೆ ಮಾತಾಡಲಿ.

ಪ್ರತಿ ವರ್ಷ ಅಕ್ಟೋಬರ್ 1ರಂದು ಹಿರಿಯರ ದಿನ ಆಚರಿಸುತ್ತೀರಿ. ಬರುವ ಅಕ್ಟೋಬರ್ 1ರೊಳಗೆ ಈ ನಿಯಮಗಳ ಕರಡನ್ನು ಜನರ ಮುಂದಿಡಿ. ಆಯಾಗಳನ್ನೂ ಕರೆದು ಅಭಿಪ್ರಾಯ ಕೇಳಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಆಶ್ರಮದಲ್ಲಿದ್ದ ಹಿರಿಯರೊಬ್ಬರ ಮನೆಯವಳು