ನದಿ ಟ್ರಿಪ್‌ಗೆ ಬೇಕಿರುವುದು ತಿಳಿದ ಗೈಡ್

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ಪ್ರವಾಸದ ಬರಹಗಳು ಬರುತ್ತವೆ. ಕಯಾಕ್‌ನಲ್ಲಿ ಕೂತು, ಹುಟ್ಟು ಹಾಕುತ್ತಾ, ನದಿಯ ಪ್ರಾಣಿ ಪಕ್ಷಿಗಳನ್ನು ನೋಡಿ ಬರುವ ಟ್ರಿಪ್‌ಗಳ ಬಗ್ಗೆ ಈಗೀಗ ಓದಲು ಸಿಗುತ್ತಿದೆ. ಇದು ಒಳ್ಳೆಯದೇ. ನದಿಯನ್ನು ಸೇತುವೆ ಮೇಲಿಂದ ನೋಡುವುದು ಬೇರೆ, ನೀರಿನ ಮಟ್ಟಕ್ಕೆ ಇಳಿದು ನೋಡುವುದು ಬೇರೆ. ಆದರೆ ಆ ಬರಹಗಳಲ್ಲಿ ನೀರು ಎಷ್ಟು ರಭಸ, ದೋಣಿ ಎಂಥದ್ದು, ಫೋಟೊ ಎಲ್ಲಿ ಚೆನ್ನಾಗಿ ಬರುತ್ತದೆ ಎಂಬುದೇ ಜಾಸ್ತಿ ಇರುತ್ತದೆ. ಕರೆದುಕೊಂಡು ಹೋಗುವ ಗೈಡ್‌ಗೆ ಆ ನದಿಯ ಬಗ್ಗೆ ಏನು ಗೊತ್ತಿದೆ ಅಂತ ಯಾರೂ ಕೇಳುವುದಿಲ್ಲ. ಇಡೀ ಟ್ರಿಪ್ ನಿಂತಿರುವುದೇ ಅದರ ಮೇಲೆ, ಅದಕ್ಕೇ ಈ ಪತ್ರ.

ಒಂದು ಟ್ರಿಪ್‌ನಲ್ಲಿ ನಮ್ಮ ಗೈಡ್ ಹಕ್ಕಿ ಕಂಡ ಕಡೆಗೆಲ್ಲ ದೋಣಿ ತಿರುಗಿಸುತ್ತಿದ್ದರು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ನೀರುಕಾಗೆಯೊಂದು ರೆಕ್ಕೆ ಅಗಲಿಸಿ ಕೂತಿತ್ತು. ನಾವೆಲ್ಲ ಗುಂಪಾಗಿ ಹತ್ತಿರ ಹೋದೆವು, ಅದು ಹಾರಿ ಮುಂದಿನ ಮರದಲ್ಲಿ ಕೂತಿತು, ನಾವು ಮತ್ತೆ ಹೋದೆವು, ಅದು ಮತ್ತೆ ಹಾರಿತು. ಎಲ್ಲರಿಗೂ ಫೋಟೊ ಸಿಕ್ಕಿತು. ಅದು ಯಾಕೆ ಹಾಗೆ ರೆಕ್ಕೆ ಬಿಚ್ಚಿ ಕೂತಿತ್ತು ಅನ್ನೋದನ್ನು ಮಾತ್ರ ಯಾರೂ ಹೇಳಲಿಲ್ಲ. ನೀರುಕಾಗೆಯ ಗರಿಗಳು ಸುಲಭವಾಗಿ ಒದ್ದೆಯಾಗುತ್ತವೆ. ಮುಳುಗಿ ಮೀನು ಹಿಡಿಯಲು ಅದರಿಂದ ಅನುಕೂಲವೇ, ಆದರೆ ಮೇಲೆ ಬಂದಾಗ ಗರಿ ಒಣಗಿಸಿಕೊಳ್ಳಬೇಕು. ಒದ್ದೆ ರೆಕ್ಕೆಯಲ್ಲೇ ಅದನ್ನು ಪದೇ ಪದೇ ಎಬ್ಬಿಸಿದರೆ ಎಷ್ಟು ಆಯಾಸ ಅಲ್ವಾ? ಬಿಸಿಲಿಗೆ ಮೈಯೊಡ್ಡಿದ್ದ ಆಮೆಗಳದೂ ಇದೇ ಕಥೆ, ನಾವು ಬರುವುದು ಕಂಡ ಕೂಡಲೇ ಬಂಡೆಯಿಂದ ಒಂದೊಂದಾಗಿ ನೀರಿಗೆ ಜಾರಿದವು. ಆಮೆಗೆ ತಿಂದದ್ದು ಅರಗಬೇಕಾದರೂ ಹೊರಗಿನ ಬಿಸಿ ಬೇಕು. ಒಂದು ದೋಣಿ ಹೋದರೆ ಅದು ಮತ್ತೆ ಬಂಡೆ ಹತ್ತುತ್ತದೆ. ಬೆಳಗಿಂದ ಸಂಜೆವರೆಗೆ ಸಾಲು ಸಾಲು ದೋಣಿ ಬಂದರೆ ಅದು ಯಾವಾಗ ಹತ್ತಬೇಕು?

ಬೇರೊಂದು ನದಿಯಲ್ಲಿ ಸಿಕ್ಕ ಗೈಡ್ ರೀತಿಯೇ ಬೇರೆ. ಆಕೆ ಹುಟ್ಟು ಹಾಕಿದ್ದಕ್ಕಿಂತ ಅದನ್ನು ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂತಿದ್ದೇ ಜಾಸ್ತಿ. ಹರಿವು ಒಯ್ದ ಕಡೆ ದೋಣಿ ಹೋಗುತ್ತಿತ್ತು, ನಮಗೂ ಮಾತು ಕಡಿಮೆ ಮಾಡಲು ಹೇಳಿದ್ದರು. ದೂರದಲ್ಲಿ ನೆಟ್ಟಗೆ ನಿಂತ ಮಣ್ಣಿನ ದಡದಲ್ಲಿ ಒಂದು ತೂತು ತೋರಿಸಿದರು. ಮಿಂಚುಳ್ಳಿಯ ಗೂಡು. ಗಂಡು ಹೆಣ್ಣು ಎರಡೂ ಸೇರಿ ಕೊಕ್ಕಿನಿಂದ ಮಣ್ಣು ಅಗೆದು ಸುರಂಗ ಮಾಡುತ್ತವೆ, ಅದರ ಕೊನೆಯಲ್ಲಿ ಮೊಟ್ಟೆ. ಅಷ್ಟರಲ್ಲಿ ಮಿಂಚುಳ್ಳಿಯೇ ಮೀನು ಹಿಡಿದು ಬಂದು ಕೊಂಬೆ ಮೇಲೆ ಕೂತಿತು. ಆಕೆ ಮೆಲ್ಲಗೆ ಹೇಳಿದ್ದು ಇಷ್ಟೇ: ಮೀನಿನ ತಲೆ ಯಾವ ಕಡೆಗಿದೆ ನೋಡಿ. ತಾನೇ ನುಂಗುವುದಾದರೆ ತಲೆ ತನ್ನ ಗಂಟಲ ಕಡೆಗಿರುತ್ತದೆ. ಮರಿಗೆ ಕೊಡುವುದಾದರೆ ತಲೆ ಹೊರಗಡೆಗೆ, ಯಾಕೆಂದರೆ ಮರಿಯೂ ಮೀನನ್ನು ತಲೆಯಿಂದಲೇ ನುಂಗಬೇಕು, ಇಲ್ಲದಿದ್ದರೆ ಈಜುರೆಕ್ಕೆಯೋ ಹುರುಪೆಯೋ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇದರ ಕೊಕ್ಕಿನಲ್ಲಿದ್ದ ಮೀನಿನ ತಲೆ ಹೊರಗಿತ್ತು. ಅಂದರೆ ಸುರಂಗದಲ್ಲಿ ಮರಿಗಳಿವೆ, ಹಸಿದಿವೆ, ನಾವು ಇಲ್ಲೇ ಅಡ್ಡ ನಿಂತರೆ ಅದು ಒಳಗೆ ಹೋಗುವುದಿಲ್ಲ. ಆಕೆ ದೋಣಿಗಳನ್ನು ಆಚೆ ದಡಕ್ಕೆ ಸರಿಸಿದರು. ಯಾರಿಗೂ ಬೇಸರವಾಗಲಿಲ್ಲ, ಯಾಕೆ ಸರಿಯಬೇಕು ಎಂದು ಎಲ್ಲರಿಗೂ ಅರ್ಥವಾಗಿತ್ತು. ಸುಮ್ಮನೆ "ದೂರ ಇರಿ" ಎಂದಿದ್ದರೆ ಯಾರಾದರೂ ಮೊಬೈಲ್ ಹಿಡಿದು ಮುಂದೆ ಹೋಗುತ್ತಲೇ ಇದ್ದರು.

ಅವತ್ತು ನೀರುನಾಯಿ ಕಾಣಲಿಲ್ಲ. ಆದರೆ ಬಂಡೆ ಮೇಲೆ ಅದರ ಹಿಕ್ಕೆ ಇತ್ತು, ಅದರಲ್ಲಿ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು. ಜೊಂಡಿನ ದಂಟಿಗೆ ಏರೋಪ್ಲೇನ್ ಚಿಟ್ಟೆಯ ಮರಿ ಬಿಟ್ಟುಹೋದ ಪೊರೆ ಅಂಟಿಕೊಂಡಿತ್ತು. ಈ ಹುಳು ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ ನೀರಿನೊಳಗೇ ಬೆಳೆದು, ಕೊನೆಗೆ ದಂಟು ಹತ್ತಿ, ಪೊರೆ ಒಡೆದು ರೆಕ್ಕೆ ಬಿಡಿಸುತ್ತದೆ. ಆ ಹೊತ್ತಿನಲ್ಲಿ ಅದು ಹಾರಲಾರದು, ಪಕ್ಕದಲ್ಲಿ ಮೋಟಾರ್ ದೋಣಿ ಎಬ್ಬಿಸಿದ ಅಲೆ ಬಡಿದರೆ ಕೊಚ್ಚಿಹೋಗಬಹುದು. ಹುಟ್ಟಿನ ದೋಣಿ ಮೇಲು ಅನ್ನುವುದಕ್ಕೆ ಇದೂ ಒಂದು ಕಾರಣ. ಆದರೆ ಸದ್ದಿಲ್ಲದ ದೋಣಿ ತೀರಾ ಹತ್ತಿರ ಬರುವವರೆಗೂ ಪ್ರಾಣಿಗಳಿಗೆ ಗೊತ್ತಾಗದೆ ಇರಬಹುದು, ಆಗ ಅವು ಇನ್ನೂ ಜೋರಾಗಿ ಬೆದರುತ್ತವೆ. ಇದನ್ನೂ ಗೈಡ್ ತಿಳಿದಿರಬೇಕು.

ಹಕ್ಕಿಯೊಂದು ಹಾರಿಹೋದರೆ ಏನಾಯಿತು ಅಂತ ಕೆಲವರು ಕೇಳಬಹುದು. ನದಿ, ಕೆರೆ ಎಲ್ಲ ಸೇರಿಸಿದರೂ ಸಿಹಿನೀರು ಭೂಮಿಯ ಮೇಲ್ಮೈಯಲ್ಲಿ ಶೇ 1ರಷ್ಟೂ ಇಲ್ಲ, ಮೀನಿನ ಜಾತಿಗಳಲ್ಲಿ ಸುಮಾರು ಅರ್ಧ ಇರುವುದು ಅಲ್ಲೇ. ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ 2024ರ ವರದಿಯ ಪ್ರಕಾರ, ಲೆಕ್ಕಕ್ಕೆ ತೆಗೆದುಕೊಂಡ ಸಿಹಿನೀರಿನ ಬೆನ್ನೆಲುಬಿನ ಪ್ರಾಣಿಗಳ ಸಂತತಿ 1970ರಿಂದ 2020ರ ಹೊತ್ತಿಗೆ ಸರಾಸರಿ ಶೇ 85ರಷ್ಟು ಇಳಿದಿದೆ. ಅಣೆಕಟ್ಟು, ಕೊಳಕು ನೀರು, ಅತಿಯಾದ ಮೀನುಗಾರಿಕೆ ಇವೇ ದೊಡ್ಡ ಕಾರಣಗಳು, ಕಯಾಕ್ ಅಲ್ಲ. ಆದರೆ ಉಳಿದಿರುವಷ್ಟನ್ನು ನೋಡಿ ಕಲಿಯಲು ಅಂತಲೇ ಹೋಗುವವರು ನಾವು. ನಮ್ಮಿಂದ ಅವುಗಳಿಗೆ ತೊಂದರೆ ಆಗಬಾರದು ತಾನೇ?

ದೋಣಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಒಂದು ನದಿಯಲ್ಲಿ ಬಳಸಿದ ದೋಣಿ, ಹುಟ್ಟು, ಲೈಫ್ ಜಾಕೆಟ್ ಎಲ್ಲವನ್ನೂ ತೊಳೆದು, ಚೆನ್ನಾಗಿ ಒಣಗಿಸಿಯೇ ಇನ್ನೊಂದು ನದಿಗೆ ಇಳಿಸಬೇಕು. ದಕ್ಷಿಣ ಅಮೆರಿಕದ ವಾಟರ್ ಹಯಸಿಂತ್ ಕಳೆ ತುಂಡು ತುಂಡಾದರೂ ಚಿಗುರುತ್ತದೆ, ಇವತ್ತು ಅದು ಎಷ್ಟೋ ದೇಶಗಳ ನೀರನ್ನು ಮುಚ್ಚಿದೆ. ಜೀಬ್ರಾ ಮಸೆಲ್ ಎಂಬ ಕಪ್ಪೆಚಿಪ್ಪಿನ ಮರಿಗಳು ಕಣ್ಣಿಗೇ ಕಾಣುವುದಿಲ್ಲ, ದೋಣಿಯ ತಳದಲ್ಲಿ ಉಳಿದ ನೀರಿನಲ್ಲೇ ಬೇರೆ ಕಡೆಗೆ ಹೋಗುತ್ತವೆ.

ನೋಡಿದ್ದನ್ನು ಇ-ಬರ್ಡ್, ಐನ್ಯಾಚುರಲಿಸ್ಟ್ ಥರದ ಜಾಲತಾಣಗಳಲ್ಲಿ ದಾಖಲಿಸಲು ಗೈಡ್ ಕಲಿಸಿಕೊಟ್ಟರೆ ಇನ್ನೂ ಒಳ್ಳೆಯದು, ಆ ಮಾಹಿತಿಯನ್ನು ವಿಜ್ಞಾನಿಗಳು ನಿಜಕ್ಕೂ ಬಳಸುತ್ತಾರೆ. ಗೂಡಿನ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ಇಂಥ ಟ್ರಿಪ್ ಬಗ್ಗೆ ಬರೆಯುವಾಗ ನಡೆಸುವವರನ್ನು ನಾಲ್ಕು ಮಾತು ಕೇಳಿ: ಗೈಡ್‌ಗೆ ಜೀವಿಗಳ ಬಗ್ಗೆ ತರಬೇತಿ ಎಲ್ಲಿ ಆಗಿದೆ, ಒಟ್ಟಿಗೆ ಎಷ್ಟು ದೋಣಿ ಬಿಡುತ್ತಾರೆ, ದೋಣಿ ಮಗುಚಿದರೆ ಏನು ವ್ಯವಸ್ಥೆ, ಮರಿ ಮಾಡುವ ಕಾಲದಲ್ಲಿ ಯಾವ ದಡದ ಹತ್ತಿರ ಹೋಗುವುದಿಲ್ಲ. ಅವರು ಕೊಟ್ಟ ಉತ್ತರವನ್ನು ಫೋನ್ ನಂಬರ್ ಪಕ್ಕದಲ್ಲೇ ಅಚ್ಚು ಹಾಕಿ. ಉತ್ತರ ಕೊಡದಿದ್ದರೆ ಅದನ್ನೂ ಹಾಕಿ.

ಇಂತಿ,
ನಿಮ್ಮ ಓದುಗ