ಎರಡನೇ ಸಲವೂ ಎಣಿಸು ಮಗಳೇ

ಪ್ರೀತಿಯ ಸುಮಾ,

ನಿನ್ನ ಪತ್ರ ಓದಿದೆ. ಒಬ್ಬ ರೋಗಿಯನ್ನೂ ಮುಟ್ಟಿ ನೋಡದ ಮ್ಯಾನೇಜರ್ ನಿನ್ನ ಕೆಲಸವನ್ನ ಅಳೆಯೋದು ಎಷ್ಟು ಸರಿ ಅಂತ ಕೇಳಿದ್ದೀಯ. ರೋಗಿಗಳ ದಾಖಲೆ ತೆಗೆದು, ಚಿಕಿತ್ಸೆ ನಡೆಯಬೇಕಾದ ಹಾಗೆ ನಡೆದಿದೆಯಾ ಅಂತ ಎಣಿಸಿ ನೋಡುವ ಈ ಆಡಿಟ್ ಅಂದರೆ ನಿನ್ನ ವಯಸ್ಸಿನಲ್ಲಿ ನಾನೂ ಮುಖ ತಿರುಗಿಸುತ್ತಿದ್ದೆ ಕಣಮ್ಮ.

ಗಾಯಕ್ಕೆ ಸೋಂಕು ತಗಲದಿರಲಿ ಅಂತ ಆಪರೇಷನ್‌ಗೆ ಮುಂಚೆ ಕೊಡುವ ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ ಕೊಯ್ಯುವ ಮೊದಲಿನ 60 ನಿಮಿಷದೊಳಗೆ ಹೋಗಬೇಕು, ಅಲ್ವಾ? ನಮ್ಮಲ್ಲಿ ಅದು ಸರಿಯಾಗೇ ನಡೆಯುತ್ತಿದೆ ಅಂತ ಎದೆ ತಟ್ಟಿ ಹೇಳುತ್ತಿದ್ದೆ. ಒಂದು ತಿಂಗಳ ಕೇಸ್ ಶೀಟ್ ತೆಗೆದು, ಇಂಜೆಕ್ಷನ್ ಕೊಟ್ಟ ಹೊತ್ತು, ಕೊಯ್ದ ಹೊತ್ತು ಎರಡನ್ನೂ ಪಕ್ಕಪಕ್ಕ ಬರೆದೆವು. ಪುಟದ ತುಂಬ ತಪ್ಪು. ನರ್ಸ್ ವಾರ್ಡಿನಲ್ಲೇ ಇಂಜೆಕ್ಷನ್ ಕೊಟ್ಟು ಕಳಿಸಿದ್ದಾರೆ. ಆಪರೇಷನ್ ಥಿಯೇಟರ್ ಖಾಲಿಯಾಗದೆ ರೋಗಿ ಕಾರಿಡಾರಿನಲ್ಲಿ ಟ್ರಾಲಿ ಮೇಲೆ ಕಾದಿದ್ದಾರೆ, ಅಷ್ಟರಲ್ಲಿ 60 ನಿಮಿಷ ದಾಟಿದೆ. ಯಾರದೂ ಸೋಮಾರಿತನವಲ್ಲ. ಔಷಧಿ ಇರುತ್ತಿದ್ದದ್ದೇ ವಾರ್ಡಿನ ಕಪಾಟಿನಲ್ಲಿ! ಅದನ್ನು ಥಿಯೇಟರಿನಲ್ಲಿ ಇಡಿಸಿ, ಅರಿವಳಿಕೆ ಕೊಡುವಾಗಲೇ ಹಾಕುವ ಹಾಗೆ ಮಾಡಿದವರು ನಾನು ಸರಿಯಾಗಿ ಮಾತೂ ಆಡಿಸದಿದ್ದ ಮ್ಯಾನೇಜರ್. ಆ ಕೆಲಸ ನನ್ನ ಕೈಲಿ ಆಗುತ್ತಿರಲಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಎಣಿಸಿದೆವು. ತಪ್ಪು ಬೆರಳೆಣಿಕೆಗೆ ಇಳಿದಿತ್ತು. ಈ ಎರಡನೇ ಎಣಿಕೆಯನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಆಗ ಮೊದಲನೆಯದು ಸುಮ್ನೆ ಫೈಲಿನಲ್ಲಿ ಕೂರುತ್ತದೆ.

ಹಾಗಂತ ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಡ. ಯಾವುದನ್ನು ಅಳೆಯಬೇಕು, ಎಷ್ಟಿದ್ದರೆ ಸರಿ ಅನ್ನೋ ಮಾತಿನಲ್ಲಿ ವೈದ್ಯರು, ನರ್ಸುಗಳು ಇರಲೇಬೇಕು. ಹಾಸಿಗೆ ಬೇಗ ಖಾಲಿಯಾಯಿತು ಅಂದ ಮಾತ್ರಕ್ಕೆ ಚಿಕಿತ್ಸೆ ಚೆನ್ನಾಗಿತ್ತು ಅಂತಲ್ಲ. ಇನ್ನೊಂದು, ಅಂಕಿ ಹಿಡಿದು ಒಬ್ಬರನ್ನ ಗದರಿಸೋಕೆ ಹೊರಟರೆ ಮುಂದಿನ ತಿಂಗಳಿಂದ ಕೇಸ್ ಶೀಟಿನಲ್ಲಿ ನಿಜ ಬರೆಯೋರೇ ಸಿಗೋದಿಲ್ಲ. ಎಣಿಸೋ ಮುಂಚೆಯೇ ಮ್ಯಾನೇಜರ್ ಎದುರು ಕೂತು ಇದನ್ನು ಮಾತಾಡಿಕೊಂಡುಬಿಡು.

ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್ 1911ರಿಂದ 1916ರವರೆಗೆ ತಮ್ಮ ಆಸ್ಪತ್ರೆಯಿಂದ ಮನೆಗೆ ಹೋದ 337 ರೋಗಿಗಳ ಲೆಕ್ಕ ಇಟ್ಟು, 123 ತಪ್ಪುಗಳನ್ನು ತಾವೇ ಅಚ್ಚು ಹಾಕಿಸಿದರು. ಮೇಲಿನವರು ಕೇಳಲಿ ಅಂತ ಕಾಯಲಿಲ್ಲ. ಅದನ್ನು ನೆನೆದಾಗೆಲ್ಲ ನನಗೆ ಧೈರ್ಯ ಬರುತ್ತದೆ.

ನಿಮ್ಮ ಮ್ಯಾನೇಜರ್‌ನ ಒಂದು ದಿನ ರೌಂಡ್ಸ್‌ಗೆ ಕರೆ. ನೀನೂ ಒಂದು ಗಂಟೆ ಅವರ ರೂಮಿನಲ್ಲಿ ಕೂತು, ಇಲ್ಲದ ಹಾಸಿಗೆಯನ್ನ ಹೇಗೆ ಹೊಂದಿಸುತ್ತಾರೆ ನೋಡು. ಆಮೇಲೆ ಏನಾಯಿತು ಅಂತ ನನಗೆ ಬರೆ.

ನಿನ್ನ
ದೊಡ್ಡಪ್ಪ