ಪೇಟ್ರಿಯಟ್ಸ್ ಡೇ ಪಾಠದ ಬಗ್ಗೆ ಪೋಷಕರಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ಏಪ್ರಿಲ್ ತಿಂಗಳ ಮೂರನೇ ಸೋಮವಾರ ಪೇಟ್ರಿಯಟ್ಸ್ ಡೇ, ಅಂದರೆ 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್, ಕಾಂಕರ್ಡ್ ಊರುಗಳಲ್ಲಿ ಇಲ್ಲಿನ ವಸಾಹತಿನವರಿಗೂ ಬ್ರಿಟಿಷ್ ಸೈನಿಕರಿಗೂ ನಡೆದ ಕಾಳಗವನ್ನು ನೆನೆಯುವ ರಜೆ. ಆ ವಾರ ಮ್ಯಾಸಚೂಸೆಟ್ಸ್‌ನ ಹೆಚ್ಚಿನ ಸರಕಾರಿ ಶಾಲೆಗಳಿಗೆ ರಜೆ, ಅನೇಕರು ಪ್ರಯಾಣ ಹೊರಡುತ್ತೀರಿ. ಹಾಗಾಗಿ ಎಂಟು ದಿನ ಮುಂಚಿನ ಭಾನುವಾರವೇ ಕನ್ನಡ ತರಗತಿಯಲ್ಲಿ ಈ ಪಾಠ ಮಾಡುತ್ತೇವೆ. ಮನೆಯಲ್ಲಿ ನಿಮ್ಮ ನೆರವೂ ಬೇಕು.

ಮಕ್ಕಳಿಗೆ ಈ ದಿನವೆಂದರೆ ಬಾಸ್ಟನ್ ಮ್ಯಾರಥಾನ್. ಆದರೆ ಮ್ಯಾರಥಾನ್ ಶುರುವಾದದ್ದು 1897ರಲ್ಲಿ, ರಜೆ ಅದಕ್ಕಿಂತ ಮೂರು ವರ್ಷ ಹಳೆಯದು. 1894ರಲ್ಲಿ ಲೆಕ್ಸಿಂಗ್ಟನ್‌ನ ಇತಿಹಾಸ ಸಂಘ ಏಪ್ರಿಲ್ 19 ‘ಲೆಕ್ಸಿಂಗ್ಟನ್ ದಿನ’ ಆಗಲಿ ಎಂದು ರಾಜ್ಯದ ಶಾಸನಸಭೆಗೆ ಅರ್ಜಿ ಹಾಕಿತು. ಪಕ್ಕದ ಕಾಂಕರ್ಡ್‌ನವರು ಬಿಡುತ್ತಾರೆಯೇ? ‘ಕಾಂಕರ್ಡ್ ದಿನ’ ಆಗಬೇಕೆಂದರು. ಗವರ್ನರ್ ಫ್ರೆಡರಿಕ್ ಗ್ರೀನ್‌ಹಾಲ್ಜ್ ಯಾವ ಊರಿನ ಹೆಸರನ್ನೂ ಹಿಡಿಯದೆ ‘ಪೇಟ್ರಿಯಟ್ಸ್ ಡೇ’ ಎಂದರು. ಅಲ್ಲಿಯವರೆಗೆ ವಸಂತದಲ್ಲಿದ್ದ ಉಪವಾಸ ಪ್ರಾರ್ಥನೆಯ ಹಳೆಯ ಸರಕಾರಿ ರಜೆ ರದ್ದಾಗಿ, ಇದು ಅದರ ಜಾಗಕ್ಕೆ ಬಂತು. ನನಗೆ ಈ ಪಾಠದ ಜೀವಾಳ ಇರುವುದು ಇಲ್ಲಿಯೇ: ಒಂದು ದಿನಕ್ಕೆ ಹೆಸರಿಡುವಾಗ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದು ಆಗಲೂ ಸುಲಭವಿರಲಿಲ್ಲ.

1775ರ ಏಪ್ರಿಲ್ 19, ಬುಧವಾರ. ವಸಾಹತಿನವರು ಕಾಂಕರ್ಡ್‌ನಲ್ಲಿ ಬಚ್ಚಿಟ್ಟ ಮದ್ದುಗುಂಡು ವಶಪಡಿಸಿಕೊಳ್ಳಲು ಹಿಂದಿನ ರಾತ್ರಿಯೇ ಬಾಸ್ಟನ್‌ನಿಂದ ಸುಮಾರು 700 ಬ್ರಿಟಿಷ್ ಸೈನಿಕರು ಹೊರಟಿದ್ದರು. ಬೆಳಗಿನ ಜಾವ ಲೆಕ್ಸಿಂಗ್ಟನ್ ಬಯಲಿನಲ್ಲಿ ಅವರೆದುರು ಊರಿನ ದಳದ ಕ್ಯಾಪ್ಟನ್ ಜಾನ್ ಪಾರ್ಕರ್ ಜೊತೆ ಇದ್ದವರು ಹೆಚ್ಚೆಂದರೆ 80 ಜನ. ಅವರಲ್ಲಿ 8 ಮಂದಿ ಸತ್ತರು. ಗಾಯಗೊಂಡವರಲ್ಲಿ ಪ್ರಿನ್ಸ್ ಎಸ್ಟಾಬ್ರುಕ್ ಎಂಬ ಗುಲಾಮನೂ ಇದ್ದ. ಅವನ ಹೆಸರನ್ನು ಮಕ್ಕಳು ಬಾಯಿಪಾಠ ಮಾಡಲೇಬೇಕು. ಕಾಂಕರ್ಡ್‌ನ ನಾರ್ತ್ ಬ್ರಿಜ್‌ನಲ್ಲಿ ಸೈನಿಕರು ಹಿಮ್ಮೆಟ್ಟಿದರು. ಆದರೆ ಅತಿ ಭೀಕರ ಕಾಳಗ ನಡೆದದ್ದು ವಾಪಸಾಗುವ ದಾರಿಯಲ್ಲಿ, ಮೆನಾಟಮಿಯಲ್ಲಿ, ಅಂದರೆ ಇಂದಿನ ಆರ್ಲಿಂಗ್ಟನ್‌ನಲ್ಲಿ. 1894ರ ಪೈಪೋಟಿಯಲ್ಲಿ ಈ ಊರಿನ ಹೆಸರೇ ಬರಲಿಲ್ಲ.

ಮಕ್ಕಳು ತಪ್ಪುವ ಜಾಗಗಳನ್ನು ಗಮನಿಸಿ. ಮೊದಲನೆಯದು ತಾರೀಖು. ಕಾಳಗದ ದಿನ ಏಪ್ರಿಲ್ 19. 1969ರಿಂದ ರಜೆ ಮಾತ್ರ ಮೂರನೇ ಸೋಮವಾರ, ಅದು 15ರಿಂದ 21ರೊಳಗೆ ಎಂದಾದರೂ ಬರಬಹುದು. ಎರಡನೆಯದು, ‘ಅಮೆರಿಕನ್ನರು ಬ್ರಿಟಿಷರ ಮೇಲೆ ಹೋರಾಡಿದರು’ ಎಂದು ಬರೆಯುವುದು. ಸ್ವಾತಂತ್ರ್ಯ ಘೋಷಣೆ ಆಗಿದ್ದು 1776ರ ಜುಲೈನಲ್ಲಿ; ಅಂದು ಬೆಳಿಗ್ಗೆ ಎರಡೂ ಕಡೆಯವರು ಒಬ್ಬನೇ ರಾಜನ ಪ್ರಜೆಗಳು. ‘ವಸಾಹತಿನವರು’ ಎಂದು ಬರೆಯಿಸಿ. ಲೆಕ್ಸಿಂಗ್ಟನ್‌ನಲ್ಲಿ ಮೊದಲ ಗುಂಡು ಯಾರು ಹಾರಿಸಿದರೆಂಬುದು ಇಂದಿಗೂ ತೀರ್ಮಾನವಾಗಿಲ್ಲ, ಅದನ್ನು ಹಾಗೆಯೇ ಬರೆಯಲಿ. ‘ಮಿನಿಟ್‌ಮನ್’ ಅನ್ನು ‘ನಿಮಿಷದ ಮನುಷ್ಯ’ ಮಾಡಬೇಡಿ. ‘ಕರೆದ ತಕ್ಷಣ ಸಜ್ಜಾಗುವವನು’ ಎಂದರೆ ಅರ್ಥ ನಿಲ್ಲುತ್ತದೆ. ‘ಗವರ್ನರ್’ ಪದವನ್ನೂ ಹಾಗೆಯೇ ಬಿಡಿ. ‘ರಾಜ್ಯಪಾಲ’ ಎಂದರೆ ಊರಿನಲ್ಲಿರುವ ಅಜ್ಜ ಅಜ್ಜಿ ಕೇಂದ್ರ ನೇಮಿಸಿದವರು ಎಂದುಕೊಳ್ಳುತ್ತಾರೆ. ಇಲ್ಲಿ ಅವರನ್ನು ಜನರೇ ಆರಿಸುವುದು.

ಮನೆಗೆಲಸ ಒಂದು ಪುಟದ ಮಸೂದೆ. ಹೊಸ ಸ್ಮರಣೆಯ ದಿನವೊಂದನ್ನು ಮಗು ಸೂಚಿಸಬೇಕು: ಹೆಸರು, ತಾರೀಖು, ಎರಡು ಸಾಲಿನ ಕಾರಣ. ಅದು ಕಚೇರಿ ಮುಚ್ಚುವ ರಜೆಯೋ, ಗವರ್ನರ್ ಘೋಷಣೆ ಹೊರಡಿಸುವ ಆಚರಣೆ ಮಾತ್ರವೋ ಎಂಬುದೂ ಇರಬೇಕು. ಹೆಚ್ಚಿನ ಮಕ್ಕಳು ಈ ಕೊನೆಯದನ್ನು ಮರೆಯುತ್ತಾರೆ, ಆದರೆ ಶಾಸನಸಭೆಯಲ್ಲಿ ಚರ್ಚೆ ಬಿಸಿಯೇರುವುದು ಅಲ್ಲಿಯೇ, ಏಕೆಂದರೆ ರಜೆಗೆ ಖರ್ಚಿದೆ. ವಿಸ್ಕಾನ್ಸಿನ್ ಕಾನೂನು ಇದೇ ಏಪ್ರಿಲ್ 19ನ್ನು ಶಾಲೆಗಳಲ್ಲಿ ಆಚರಿಸಿ ಎನ್ನುತ್ತದೆ, ರಜೆ ಕೊಡುವುದಿಲ್ಲ. ನಮ್ಮ ರಾಜ್ಯದಲ್ಲಿ ಯಾವುದೇ ನಾಗರಿಕ ತನ್ನ ಶಾಸಕರ ಮೂಲಕ ಮಸೂದೆ ಸಲ್ಲಿಸಬಹುದು. ಸಮಿತಿಯ ವಿಚಾರಣೆ, ಎರಡೂ ಸದನಗಳ ಒಪ್ಪಿಗೆ, ಕೊನೆಗೆ ಗವರ್ನರ್ ಸಹಿ. ಮಕ್ಕಳಿಗೆ ಈ ಹಂತಗಳನ್ನು ಹೇಳಿಕೊಡಿ, ಮಸೂದೆಯನ್ನು ಮಾತ್ರ ನೀವು ಬರೆದುಕೊಡಬೇಡಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.

ಲೆಕ್ಸಿಂಗ್ಟನ್‌ನ ಅಣಕು ಕಾಳಗಕ್ಕೆ ಹೋಗುವವರಿಗೆ: ಅದು ಸೋಮವಾರ ಬೆಳಿಗ್ಗೆ ಸುಮಾರು ಐದೂವರೆಗೆ ಶುರುವಾಗಿ ಬೇಗ ಮುಗಿಯುತ್ತದೆ. ಐದಕ್ಕೆ ತಲುಪಿದರೆ ಮೂರು ಸಾಲು ಜನರ ಹಿಂದೆ ಮಗುವಿಗೆ ಏನೂ ಕಾಣದು. ಕತ್ತಲಿರುವಾಗಲೇ ಹೋಗಿ ನಿಲ್ಲಿ. ಸುತ್ತಲಿನ ರಸ್ತೆ ಮುಚ್ಚಿರುತ್ತಾರೆ, ಊರಿನ ಪ್ರಕಟಣೆಯನ್ನು ಹಿಂದಿನ ರಾತ್ರಿ ನೋಡಿಕೊಳ್ಳಿ. ಬಂದೂಕಿನಲ್ಲಿ ಗುಂಡಿರುವುದಿಲ್ಲ, ಬರೀ ಮದ್ದು. ಆದರೂ ಸದ್ದು ಜೋರು, ಚಿಕ್ಕವರ ಕಿವಿಗೆ ಹತ್ತಿ ಇಡಿ. ದಪ್ಪ ಜಾಕೆಟ್, ಕೈಗವಸು ಬೇಕೇ ಬೇಕು.

ಮಸೂದೆಗಳನ್ನು ರಜೆ ಮುಗಿದ ಮೊದಲ ಭಾನುವಾರ ತರಲಿ. ತರಗತಿಯಲ್ಲೇ ಓದಿಸಿ, ಚರ್ಚಿಸಿ, ಮತಕ್ಕೆ ಹಾಕುತ್ತೇವೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ